ಫ್ಯಾಮಿಲಿ ರೂಮಿನ ಪರದೆ

ಆಗ ನನಗೆ ಮೂವತ್ತಾರು ವರ್ಷ. ಅದಾಗಿ ಈಗ ಐವತ್ತು ವರ್ಷ. ಮಗಳ ಮದುವೆ ಆದ ವರ್ಷವೇ ನಡೆದದ್ದು, ಅದಕ್ಕೇ ಲೆಕ್ಕ ತಪ್ಪಿಲ್ಲ. ನಾನು ಕಲಿತದ್ದು ಎರಡನೇ ಇಯತ್ತೆ. ಬರೆಯಲು ಬರುತ್ತದೆ, ಚಂದ ಮಾಡಿ ಬರೆಯಲು ಬರುವುದಿಲ್ಲ. ಇದು ಚಂದ ಮಾಡುವಂಥ ಸಂಗತಿಯೂ ಅಲ್ಲ.

ನನ್ನನ್ನು ಕೊಟ್ಟದ್ದು ಸಿಂದಗಿ ತಾಲೂಕಿನ ಕನ್ನೊಳ್ಳಿಗೆ. ಹೊಲ ಮನೆ ಚೆನ್ನಾಗಿತ್ತು. ತವರು ಬಸವನ ಬಾಗೇವಾಡಿ. ಅವ್ವ ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಬಾಗೇವಾಡಿಯಲ್ಲಿ ನನಗಿದ್ದದ್ದು ಅಣ್ಣನ ಮನೆ, ಅಕ್ಕನ ಮನೆ, ಎರಡೇ. ಮಗಳಿಗೆ ಮುದ್ದೇಬಿಹಾಳದ ಸಂಬಂಧ ಬಂತು. ಕಾಳು, ಬೆಲ್ಲದ ಅಡತಿ ಅಂಗಡಿ ಇದ್ದ ಮನೆತನ. ಹುಡುಗಿಯನ್ನು ಒಪ್ಪಿದರು. ಮಾತು ಗಟ್ಟಿ ಮಾಡಿ ಸಕ್ಕರೆ ಹಂಚುವುದೊಂದು ಬಾಕಿ.

ನಮ್ಮಲ್ಲಿ ಆಗ ಒಂದು ಪದ್ಧತಿ ಇತ್ತು. ಸಕ್ಕರೆ ಹಂಚುವ ಮೊದಲು ಹೆಣ್ಣಿನವರು ಬೀಗರನ್ನು ಒಂದು ದಿನ ಊರು ತಿರುಗಿಸಬೇಕು. ಗುಡಿ ತೋರಿಸಬೇಕು, ಪೇಟೆ ತೋರಿಸಬೇಕು, ಬಳಗದ ಮನೆಮನೆಗೂ ಕರೆದುಕೊಂಡು ಹೋಗಬೇಕು. ಹೋದ ಮನೆಯಲ್ಲೆಲ್ಲ ಬೀಗರು ಒಂದು ಚಮಚೆಯಾದರೂ ಬಾಯಿಗೆ ಹಾಕಿಕೊಳ್ಳಬೇಕು. ಯಾರ ಮನೆಯಲ್ಲಿ ಬೀಗರು ತಿಂದರು, ಯಾರ ಮನೆ ದಾಟಿ ಮುಂದೆ ಹೋದರು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕನ್ನೊಳ್ಳಿಗೂ ಮುದ್ದೇಬಿಹಾಳಕ್ಕೂ ಬಾಗೇವಾಡಿ ನಡುವೆ ಬರುತ್ತದೆ. ಅದಕ್ಕೆ ಅಲ್ಲೇ ಕೂಡುವುದು ಅಂತ ಆಯಿತು.

ಅಕ್ಕನ ಸುದ್ದಿ ಹೇಳಬೇಕು. ಆಕೆಯ ಗಂಡ ಜೋಳದ ಕಣಿಕೆ ತುಂಬಿದ ಚಕ್ಕಡಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೇಲೆ ಏಳಲೇ ಇಲ್ಲ. ಇದ್ದ ಹೊಲ ಔಷಧಕ್ಕೆ ಹೋಯಿತು. ಅಕ್ಕ ಪೇಟೆಯ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದಳು. ಮೂರು ವರ್ಷದಿಂದ ದಿನಾ ನಸುಕಿನಲ್ಲಿ ಎದ್ದು ಬುಟ್ಟಿಗಟ್ಟಲೆ ಬಡಿಯುವುದು, ತಲೆಯ ಮೇಲೆ ಹೊತ್ತು ಪೇಟೆಯೊಳಗೆ ಹಾದು ಖಾನಾವಳಿಯ ಹಿತ್ತಲ ಬಾಗಿಲಿಗೆ ಇಳಿಸುವುದು. ಅಣ್ಣ ಅವಳ ಮನೆಗೆ ಹೋಗುವುದನ್ನು ಬಿಟ್ಟುಬಿಟ್ಟ. "ರೊಟ್ಟಿ ಮಾರೋದು ನಮ್ಮ ಮನಿತನದಾಗ ಇರಲಿಲ್ಲ" ಅಂದ. ನಾನು ಹಾಗೆ ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ಕನ್ನೊಳ್ಳಿಯಲ್ಲಿ ಯಾರಾದರೂ ಅಕ್ಕ ಏನು ಮಾಡುತ್ತಾಳೆ ಅಂತ ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದೆ.

ಬೀಗರು ಬರುವುದಕ್ಕೆ ಹದಿನೈದು ದಿನ ಮುಂಚೆ ಅಕ್ಕ ಕನ್ನೊಳ್ಳಿಗೆ ಬಂದಿದ್ದಳು. ತಿರುಗಿ ಹೋಗುವಾಗ ಬಸ್ಸಿಗೆ ಕಾಯುತ್ತಾ ನಿಂತಲ್ಲಿ ಹೇಳಿದಳು.

"ತಂಗಿ, ಒಂದು ಮಾತೈತಿ. ನಡಸ್ತಿ?"

"ಹೇಳಕ್ಕಾ."

"ಬೀಗರನ್ನ ನನ್ನ ಮನಿಗೂ ಕರ್ಕೊಂಬಾ. ಊಟಾ ಬ್ಯಾಡ. ಬೆಲ್ಲಾ ಹಾಕಿ ಮಾದ್ಲಿ ಮಾಡ್ತೇನಿ. ಒಂದು ಚಮಚಿ ತಿಂದು, ನೀರು ಕುಡದು ಹೋಗ್ಲಿ. ಅಷ್ಟ ಸಾಕು."

"ಕರ್ಕೊಂಬರ್ಲಾರದ ಬಿಡ್ತೇನೇನು."

"ನನ್ನ ಸಲುವಾಗಿ ಅಲ್ಲವಾ. ನನ್ನ ಹುಡುಗಿಗಿ ಹದಿನಾರು ತುಂಬಿದುವು. ರೊಟ್ಟಿ ಮಾರಾಕಿ ಮಗಳಂತ ಯಾರೂ ಈ ಕಡಿ ಹಣಿಕಿ ಹಾಕವಲ್ರು. ಮುದ್ದೇಬಿಹಾಳದಂಥಾ ಮನಿತನದವ್ರು ನನ್ನ ಮನ್ಯಾಗ ಬಾಯಾಡಿಸಿ ಹೋದ್ರಂದ್ರ ನಾಳೆ ಬರೋರು ಹಿಂದ ಮುಂದ ನೋಡಾಂಗಿಲ್ಲ."

ನಾನು ಹೂಂ ಅಂದೆ. ಬಸ್ಸು ಬಂತು. ಅಕ್ಕ ಹತ್ತಿ ಹೋದಳು. ಹೂಂ ಅಂದಾಗಲೇ ನನಗೆ ಅಳುಕು ಶುರುವಾಗಿತ್ತು. ತಗಡಿನ ಮನೆ, ಹೊಗೆ ಹಿಡಿದ ಗೋಡೆ, ಪಡಸಾಲೆಯಲ್ಲೇ ಮಲಗಿದ ಆ ಮನುಷ್ಯ. ಇದನ್ನೆಲ್ಲ ನೋಡಿ ಬೀಗರು ಸಕ್ಕರೆ ಹಂಚುವುದನ್ನು ಮುಂದೂಡಿದರೆ ಏನು ಮಾಡುವುದು.

ರಾಶಿ ಮುಗಿದು ಬಿಸಿಲು ಏರುವ ದಿನಗಳು. ನಾವು ಮೂವರು, ನಾನು, ಮನೆಯವರು, ಮಗಳು, ಬೆಳಗಿನ ಬಸ್ಸಿಗೆ ಬಾಗೇವಾಡಿಗೆ ಬಂದು ನಿಂತೆವು. ಮುದ್ದೇಬಿಹಾಳದ ಬಸ್ಸಿನಿಂದ ಬೀಗರು, ಬೀಗತಿ ಇಳಿದರು. ಬೀಗರು ಮಾತು ಕಡಿಮೆ. ಬೀಗತಿ ಹಾಗಲ್ಲ. ದಪ್ಪ ಹೆಂಗಸು, ದೊಡ್ಡ ದನಿ, ಕಂಡದ್ದೆಲ್ಲ ನೋಡಬೇಕು, ಕಂಡದ್ದೆಲ್ಲ ತಿನ್ನಬೇಕು. ಬಸವಣ್ಣನ ಗುಡಿಯಲ್ಲಿ ಕೈಮುಗಿದು ಹೊರಗೆ ಬಂದವರೇ, "ದೇವ್ರಿಗಿ ಆತು. ಇನ್ನ ಹೊಟ್ಟಿಗಿ ನೋಡ್ರಿ" ಅಂದರು.

ಅವತ್ತು ಸಂತೆ. ಬೆಲ್ಲದ ಅಂಗಡಿಯಲ್ಲಿ ನಿಂತು ಮೂರು ತರದ ಬೆಲ್ಲ ಚೂರು ಚೂರು ತಿಂದು ನೋಡಿದರು. ಅಂಗಡಿಯವನು, "ಯಾವುದು ತೂಗ್ಲಿರಿ ಅವ್ವಾರ?" ಅಂದ. "ಯಾವುದೂ ಬ್ಯಾಡೋ ತಮ್ಮಾ, ನಮ್ಮ ಅಂಗಡ್ಯಾಗ ಇದಕ್ಕಿಂತಾ ಚಲೋದೈತಿ" ಅಂದು ಮುಂದೆ ನಡೆದರು. ಅವನೂ ನಕ್ಕ. ಮೆಣಸಿನಕಾಯಿ ಭಜಿ ತಿಂದರು, ಪೇಢಾ ತಿಂದರು, ಕಬ್ಬಿನ ಹಾಲು ಕುಡಿದರು. ತಿಂದದ್ದನ್ನೆಲ್ಲ ಮೊದಲು ಮುರಿದು ನನ್ನ ಮಗಳ ಕೈಗೆ ಕೊಟ್ಟೇ ತಾವು ತಿನ್ನುತ್ತಿದ್ದರು. ನನಗೆ ಅವರು ಹಿಡಿಸಿದರು. ಹಿಡಿಸಿದ್ದಕ್ಕೇ ಅಂಜಿಕೆ ಇನ್ನೂ ಹೆಚ್ಚಾಯಿತು.

ಅಣ್ಣನ ಮನೆಯಲ್ಲಿ ಅವಲಕ್ಕಿ, ಚಹಾ ಆಯಿತು. ಅಲ್ಲಿ ಬೀಗತಿ ಕೇಳಿದರು. "ನಿಮ್ಮ ಅಕ್ಕಾರ ಮನೀನೂ ಇದ ಊರಾಗಂತಲ್ರಿ?"

ಅಣ್ಣ ಕಿಟಕಿಯ ಕಡೆ ನೋಡಿದ. ನಾನು, "ಊಟಾ ಆದಮ್ಯಾಲ ಹೋಗೂಣ್ರಿ" ಅಂದೆ. ಆಗ ಹೋಗಬಾರದು ಅಂತ ಇರಲಿಲ್ಲ. ಹೋಗಬೇಕು ಅಂತಲೂ ಗಟ್ಟಿ ಇರಲಿಲ್ಲ.

ಊಟ ಖಾನಾವಳಿಯಲ್ಲಿ ಅಂತ ಬೀಗತಿಯೇ ಮೊದಲೇ ಹೇಳಿ ಕಳಿಸಿದ್ದರು. ಬಾಗೇವಾಡಿಯ ಖಾನಾವಳಿಯೊಂದರಲ್ಲಿ ಹೆಣ್ಣುಮಕ್ಕಳು ಕೂತು ಉಣ್ಣಲಿಕ್ಕೆ ಫ್ಯಾಮಿಲಿ ರೂಮ್ ಮಾಡಿದ್ದಾರೆ ಅನ್ನುವ ಸುದ್ದಿ ಮುದ್ದೇಬಿಹಾಳಕ್ಕೆ ಮುಟ್ಟಿತ್ತು. ಅದು ಅಕ್ಕ ರೊಟ್ಟಿ ಕೊಡುವ ಖಾನಾವಳಿಯೇ. ನನಗದು ಗೊತ್ತಿತ್ತು. ಅಕ್ಕ ಹತ್ತು ಹನ್ನೊಂದಕ್ಕೆಲ್ಲ ಬುಟ್ಟಿ ಇಳಿಸಿ ಹೋಗಿರುತ್ತಾಳೆ, ನಾವು ಒಂದಕ್ಕೆ ಹೋದರಾಯಿತು ಅಂದುಕೊಂಡಿದ್ದೆ. ಆಕೆ ದಿನಾ ಎರಡು ಬುಟ್ಟಿ ಕೊಡುತ್ತಾಳೆ, ಎರಡನೆಯದು ಮಧ್ಯಾಹ್ನಕ್ಕೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಆಕೆಯ ಕೆಲಸದ ಬಗ್ಗೆ ಒಂದು ಮಾತು ಕೇಳಿದ್ದರೆ ತಾನೇ ಗೊತ್ತಾಗಲು.

ಫ್ಯಾಮಿಲಿ ರೂಮ್ ಅಂದರೆ ಏನಿಲ್ಲ. ಮೂರು ಕಡೆ ಮರದ ಹಲಗೆ ಹೊಡೆದಿದ್ದರು, ನಾಲ್ಕನೆಯ ಕಡೆ ಹಸಿರು ಬಟ್ಟೆಯ ಪರದೆ. ಒಳಗೆ ಒಂದು ಟೇಬಲ್ಲು, ಕೂರಲು ಎರಡು ಬಾಕು. ಪರದೆ ನೆಲದ ತನಕ ಇರಲಿಲ್ಲ, ಮೊಳಕಾಲಿನ ಮಟ್ಟಕ್ಕೆ ನಿಂತಿತ್ತು. ಹಿತ್ತಲಿನಿಂದ ಅಡುಗೆ ಮನೆಗೆ ಹೋಗುವ ಹಾದಿ ಪರದೆಯ ಮಗ್ಗುಲಿಗೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತೆವು. ಬೀಗತಿ ಹಲಗೆಯನ್ನು ಬಡಿದು ನೋಡಿ, "ಚಲೋ ಮಾಡ್ಯಾನ. ಗಂಡಸರ ಕಣ್ಣು ಬೀಳ್ಲಾರದಂಗ ಎಷ್ಟ ಬೇಕಾದ್ರೂ ಉಣ್ಣಬಹುದು" ಅಂದರು. ಅವರ ಗಂಡ ಪಕ್ಕದಲ್ಲೇ ಕೂತಿದ್ದರು. "ನಾನೇನು ಗಂಡಸಲ್ಲೇನು?" ಅಂದರು. ಬೆಳಿಗ್ಗೆಯಿಂದ ಅವರು ಆಡಿದ ಮೊದಲನೇ ಮಾತು ಅದು. ಎಲ್ಲರೂ ನಕ್ಕೆವು.

ತಾಟು ಬಂದವು. ಎಣ್ಣೆಗಾಯಿ, ಮಡಕಿ ಕಾಳು, ಶೇಂಗಾ ಹಿಂಡಿ, ಮೊಸರು. ರೊಟ್ಟಿ. ಬೀಗತಿ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅಂಚು ಎಲ್ಲ ಕಡೆ ಒಂದೇ ಸಮ, ಎಲ್ಲೂ ಸೀಳಿಲ್ಲ, ಎಲ್ಲೂ ಕರಿ ಇಲ್ಲ. ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ, "ಬೀಗತಿ, ಇದು ಕೈ ನೋಡ್ರಿ. ನನ್ನ ಹಿರೇ ಸೊಸಿ ಬಡದ್ರ ನೆಲಕ್ಕ ಹಾಸೂ ಪರಸಿ ಆಕ್ಕಾವ" ಅಂದರು.

ಆ ಹೊತ್ತಿಗೆ ಹಿತ್ತಲ ಬಾಗಿಲ ಸಪ್ಪಳವಾಯಿತು. ಬುಟ್ಟಿ ಇಳಿಸಿದ ಸದ್ದು. ಖಾನಾವಳಿಯ ಮಾಲಕನ ದನಿ ಕೇಳಿತು.

"ಅಕ್ಕಾರ, ಸಂತಿ ಮಂದಿ ಬಾಳ ಐತಿ. ಇನ್ನ ಐವತ್ತು ಬಡೀರಲ್ಲ."

"ಇವತ್ತ ಆಗಾಂಗಿಲ್ರಿ. ಒಲಿ ಆರಿಸೇ ಬಂದೇನಿ. ಮನಿಗಿ ಬೀಗರು ಬರ್ತಾರ, ಮಾದ್ಲಿ ಮಾಡಿಟ್ಟೇನಿ."

ಅಕ್ಕ. ದನಿಯಲ್ಲಿ ಸಂತೋಷ ಇತ್ತು. ಅಷ್ಟು ಸಂತೋಷದಿಂದ ಆಕೆ ಮಾತಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು.

ಮಗಳು ತಲೆ ಎತ್ತಿ, "ಅವ್ವಾ, ದೊಡ್ಡವ್ವ..." ಅಂತ ಬಾಯಿ ತೆರೆದಳು. ಟೇಬಲ್ಲಿನ ಕೆಳಗೆ ಅವಳ ತೊಡೆಯನ್ನು ಗಟ್ಟಿಯಾಗಿ ಒತ್ತಿದೆ. ಮನೆಯವರು ತಾಟಿನಿಂದ ಕಣ್ಣು ಎತ್ತಲಿಲ್ಲ.

ಬೀಗತಿಗೆ ನಗು. "ಕೇಳಿದ್ರೇನು? ಆಕಿ ಮನಿಗೂ ಬೀಗರಂತ. ಇವತ್ತ ಊರ ತುಂಬಾ ಬೀಗರ ಅದಾರ." ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿ ಬಡದಾಕಿ ಆಕೀನ ಇರಬೇಕು. ಕರೀರಿ, ನೋಡೂಣು. ಹಿಟ್ಟಿಗಿ ನೀರು ಹೆಂಗ ಹಾಕ್ತಾಳ ಕೇಳ್ತೇನಿ."

ಆಗ ಪರದೆಯ ಕೆಳಗೆ ಅಕ್ಕನ ಕಾಲು ಬಂದು ನಿಂತವು. ಬರಿಗಾಲು, ಒಡೆದ ಹಿಮ್ಮಡಿ, ಮೇಲೆಲ್ಲ ಹಿಟ್ಟಿನ ಧೂಳು. ಒಂದು ಮಾರು ದೂರ. ನನ್ನ ಎಡಗಾಲಿನ ಹೆಬ್ಬೆರಳಿನ ಪಕ್ಕದ ಬೆರಳು ಸೊಟ್ಟ. ಸಣ್ಣವಳಿದ್ದಾಗ ಅಕ್ಕ ಒನಕೆ ಜಾರಿಸಿ ಜಜ್ಜಿದ್ದು. ಅದನ್ನು ಆಕೆ ಎಲ್ಲಿ ನೋಡಿದರೂ ಗುರುತು ಹಿಡಿಯುತ್ತಾಳೆ. ನಾನು ಎರಡೂ ಕಾಲನ್ನು ಬಾಕಿನ ಕೆಳಗೆ ಎಳೆದುಕೊಂಡೆ. ಎಳೆದುಕೊಂಡು ಹೇಳಿದೆ.

"ಯಾರೋ ಕೂಲಿಯಾಕಿ ಇರಬೇಕ್ರಿ. ಆಕಿನ್ನ ಏನು ನೋಡೂದು. ಉಣ್ರಿ, ಆರತೈತಿ."

ಮೆತ್ತಗೆ ಹೇಳಲಿಲ್ಲ. ಬೀಗತಿಯ ದನಿಗೆ ಸರಿಯಾಗಿ ನನ್ನ ದನಿಯೂ ಏರಿತ್ತು. ಪರದೆಯ ಕೆಳಗಿನ ಕಾಲು ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಆಮೇಲೆ ಅಡುಗೆ ಮನೆಯ ಕಡೆ ಹೋದವು. ಹಿತ್ತಲ ಬಾಗಿಲು ಮುಚ್ಚಿತು.

ಕೇಳಿಸಿಕೊಂಡಳೋ ಇಲ್ಲವೋ ಅಂತ ನಾನು ಕೂತಿದ್ದೆ. ಅಷ್ಟರಲ್ಲಿ ಉಣಬಡಿಸುವವನು ಬಂದು ನಾವು ಕೇಳದೇ ಇದ್ದರೂ ಬುಟ್ಟಿಯ ತಳದ ಬಿಸಿ ಬಿಸಿ ರೊಟ್ಟಿ ಎಲ್ಲರ ತಾಟಿಗೂ ಎರಡೆರಡು ಹಾಕಿ ಹೋದ. ಬೀಗತಿ ತಮ್ಮವೆರಡನ್ನು ಉಣ್ಣಲಿಲ್ಲ. ಮಡಚಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಇವು ಮುದ್ದೇಬಿಹಾಳಕ್ಕ. ಸೊಸಿಗಿ ತೋರಸ್ತೇನಿ" ಅಂದರು.

ಹೊರಗೆ ಬಂದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. "ನಡೀರಿ, ಅಕ್ಕಾರ ಮನಿ ಎಲ್ಲೈತಿ?" ಅಂದರು ಬೀಗತಿ. ಈಗ ಕರೆದುಕೊಂಡು ಹೋದರೆ ಬಾಗಿಲಲ್ಲಿ ಅದೇ ದನಿ "ಬರ್ರಿ" ಅನ್ನುತ್ತದೆ. ಕೂಲಿಯವಳು ಅಂದ ಬಾಯಿಂದಲೇ ಅಕ್ಕ ಅನ್ನಬೇಕು. ನನ್ನಿಂದ ಆಗಲಿಲ್ಲ.

"ಈಗ ಕೈ ತೊಳ್ಕೊಳ್ಳಾಕ ಹೋದಾಗ ಗುರ್ತಿನವ್ರು ಹೇಳಿದ್ರು ನೋಡ್ರಿ, ಅಕ್ಕ ನಿನ್ನೆ ತಾಂಬಾ ಊರಿಗಿ ಹೋಗ್ಯಾಳಂತ. ಅಲ್ಲಿ ಯಾರಿಗೋ ಆರಾಮಿಲ್ಲಂತ."

"ಅಯ್ಯ, ಹೌದೇನ್ರಿ. ಇನ್ನೊಮ್ಮಿ ಬಂದ್ರಾತು" ಅಂದರು. ಒಂದು ಚೂರೂ ಸಂಶಯ ಪಡಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹತ್ತಿದರು. ಕರವಸ್ತ್ರದ ಗಂಟು ತೊಡೆಯ ಮೇಲಿತ್ತು. ಅಕ್ಕನ ರೊಟ್ಟಿ ಬೀಗರ ಮನೆಗೆ ಹೋಯಿತು. ಬೀಗರು ಅಕ್ಕನ ಮನೆಗೆ ಹೋಗಲಿಲ್ಲ.

ಸಿಂದಗಿ ಬಸ್ಸು ಬಂದಾಗ ಸಂತೆಯ ಮಂದಿ ಬಾಗಿಲಿಗೆ ಜೋತುಬಿದ್ದಿದ್ದರು. ನಮಗೆ ಹತ್ತಲಿಕ್ಕೆ ಆಗಲಿಲ್ಲ. ಮುಂದಿನದು ಮರುದಿನ ಒಂಬತ್ತಕ್ಕೆ. ನಾನು ಅಣ್ಣನ ಮನೆಯ ಕಡೆ ಹೆಜ್ಜೆ ಹಾಕಿದೆ. ಮನೆಯವರು ನಿಂತಲ್ಲೇ ನಿಂತರು.

"ಮಾದ್ಲಿ ಮಾಡ್ಕೊಂಡು ಕುಂತಾಕಿ ನಿಮ್ಮಕ್ಕ" ಅಂದರು. "ಅಲ್ಲಿಗೇ ನಡಿ."

ಅಕ್ಕನ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಒಳಗೆ ಯಾರದೋ ಮನೆಯಿಂದ ತಂದ ಹೊಸ ಜಮಖಾನೆ. ಗೋಡೆಗೆ ಸುಣ್ಣ ಬಳಿದಿದ್ದಳು. ಅಕ್ಕನ ಗಂಡನಿಗೆ ಗಡ್ಡ ತೆಗೆಸಿ, ಬಿಳಿ ಅಂಗಿ ಹಾಕಿ, ಬೆನ್ನಿಗೆ ಎರಡು ತಲೆದಿಂಬು ಕೊಟ್ಟು ಗೋಡೆಗೆ ಆನಿಸಿ ಕೂರಿಸಿದ್ದರು. ಆ ಮನುಷ್ಯನಿಗೆ ಅರ್ಧ ತಾಸು ಕೂತರೆ ನೋವು ಹತ್ತುತ್ತಿತ್ತು. ಮಧ್ಯಾಹ್ನದಿಂದ ಕೂತಿದ್ದರಂತೆ. ಅಕ್ಕನ ಮಗಳು ನನ್ನ ಮಗಳ ಹಳೆ ರೇಷ್ಮೆ ಲಂಗ ಉಟ್ಟು, ಮಲ್ಲಿಗೆ ಮುಡಿದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಲ್ಲಿಗೆ ಬಾಡಿತ್ತು.

"ಬೀಗರೆಲ್ಲಿ?" ಅಂದರು ಅಕ್ಕನ ಗಂಡ.

ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅಕ್ಕ ಹೇಳಿದಳು. "ಅವರ ಬಸ್ಸಿಗಿ ಹೊತ್ತಾಗಿರಬೇಕು. ನೀವಿನ್ನ ಅಡ್ಡಾಗ್ರಿ."

ತನ್ನ ಮಗಳನ್ನು ಕರೆದು ಇಬ್ಬರೂ ಸೇರಿ ಅವರನ್ನು ಮಲಗಿಸಿದರು. ಆಮೇಲೆ ಅಕ್ಕ ಕೊಡಪಾನ ತಂದು ಬಚ್ಚಲ ಕಲ್ಲಿನ ಮೇಲೆ ನನ್ನ ಕಾಲಿಗೆ ನೀರು ಹಾಕಿದಳು. ನಾನೇ ತೊಳೆದುಕೊಳ್ಳುತ್ತೇನೆ ಅಂದೆ. ಬಿಡಲಿಲ್ಲ. ಬಗ್ಗಿ ಸೊಟ್ಟ ಬೆರಳನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಇದನ್ನ ಎಷ್ಟ ಒಳಗ ಎಳ್ಕೊಂಡ್ರೂ ನನಗ ಗೊತ್ತಾಕೈತಿ, ತಂಗಿ" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಕಾಲು ಒರೆಸಲಿಕ್ಕೆ ತನ್ನ ಸೆರಗು ಕೊಟ್ಟು ಒಳಗೆ ಹೋದಳು.

ಮಾದಲಿಗೆ ಬಿಸಿ ಹಾಲು, ತುಪ್ಪ ಹಾಕಿ ಬಡಿಸಿದಳು. ಗಸಗಸೆ, ಕೊಬ್ಬರಿ, ಏಲಕ್ಕಿ, ಏನೂ ಕಡಿಮೆ ಮಾಡಿರಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ. ಗಂಟಲಿನಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ನನ್ನ ಮಗಳು ಮಾತ್ರ ತಾಟು ಮುಟ್ಟಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಗಳ ಮದುವೆ ಆಯಿತು. ಮದುವೆಯಲ್ಲಿ ಬೀಗತಿ ಅಕ್ಕನ ಎದುರು ನಿಂತು, "ಈ ದನಿ ಎಲ್ಲೋ ಕೇಳೇನ್ರಿ" ಅಂದರು. ಅಕ್ಕ, "ಬಾಗೇವಾಡಿ ಹೆಂಗಸರದೆಲ್ಲಾ ಒಂದ ದನಿರಿ" ಅಂದು ನಗಿಸಿಬಿಟ್ಟಳು. ಅಕ್ಕನ ಮಗಳನ್ನು ಆ ವರ್ಷ ಯಾರೂ ಕೇಳಲಿಕ್ಕೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಕಡೆಗೆ ಇಂಡಿ ತಾಲೂಕಿನ ಕಡೆ ಹೆಂಡತಿ ಸತ್ತ, ಇಬ್ಬರು ಮಕ್ಕಳಿದ್ದವನಿಗೆ ಕೊಟ್ಟರು. ಬೀಗತಿ ಅವತ್ತು ಆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗ ನನಗೆ ಗೊತ್ತು. ಜಮಖಾನೆಯ ಮೇಲೆ ಕೂತು ಮೂರು ಬಟ್ಟಲು ಮಾದಲಿ ತಿಂದು, ಹಿಟ್ಟಿಗೆ ನೀರು ಹೇಗೆ ಹಾಕುತ್ತೀರಿ ಅಂತ ಕೇಳುತ್ತಿದ್ದರು. ಅವರ ಜೊತೆ ಮೂವತ್ತು ವರ್ಷ ಬೀಗತನ ಮಾಡಿದ ಮೇಲೆ ಹೇಳುತ್ತಿದ್ದೇನೆ. ಅವರಿಗೆ ನಾನು ನಿಜ ಹೇಳಲಿಲ್ಲ. ಅವರೂ ಹೋದರು, ಅಕ್ಕನೂ ಹೋದಳು.

ಬೀಗರು ಬಂದು ಹೋದ ಮರುದಿನ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಎದ್ದಾಗ ಅಕ್ಕ ಒಲೆಯ ಮುಂದೆ ಕೂತು ಬುಟ್ಟಿ ಅರ್ಧ ತುಂಬಿಸಿದ್ದಳು. ಅದು ತುಂಬುವ ತನಕ ನಾನು ಗೋಡೆಗೆ ಆನಿಕೊಂಡು ಕೂತೆ. ತುಂಬಿದ ಮೇಲೆ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡೆ.

"ಇಡು ಕೆಳಗ" ಅಂದಳು ಅಕ್ಕ. "ಹೊಸಾ ಸೀರಿ, ಹಿಟ್ಟು ಹತ್ತತೈತಿ."

"ಹತ್ಲಿ. ಎತ್ತಿ ಕೊಡು."

ಎತ್ತಿ ಕೊಟ್ಟಳು. ಬಹಳ ಭಾರ ಇತ್ತು. ಹಿಂದಿನ ದಿನ ಬೀಗರನ್ನು ತಿರುಗಿಸಿದ ದಾರಿಯಲ್ಲೇ ಹೋದೆ, ಬೆಲ್ಲದ ಅಂಗಡಿಯ ಮುಂದೆ, ಅಣ್ಣನ ಕಟ್ಟೆಯ ಮುಂದೆ. ಅಣ್ಣ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ನನ್ನನ್ನು ನೋಡಿ ಎದ್ದು ಒಳಗೆ ಹೋದ. ಖಾನಾವಳಿಯ ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿದೆ. ಮಾಲಕ ಬಂದ.

"ಅಕ್ಕಾರಿಗಿ ಆರಾಮಿಲ್ಲೇನ್ರಿ?"

"ಆರಾಮದಾಳ. ನಾ ಆಕಿ ತಂಗಿ."

"ಗೊತ್ತೈತ್ರಿ" ಅಂದ, ರೊಟ್ಟಿ ಎಣಿಸುತ್ತಾ. "ನಿನ್ನೆ ಅಕ್ಕಾರು ಅಡಗಿ ಮನಿಗಿ ಬಂದು ಹೇಳಿ ಹ್ವಾದ್ರು. ಪರದಿ ಹಿಂದ ಕುಂತವ್ರು ನನ್ನ ತಂಗಿ ಬೀಗರು, ಬುಟ್ಟಿ ತಳದಾಗ ಬಿಸಿ ರೊಟ್ಟಿ ಅದಾವ, ಅವನ್ನ ಹಾಕ್ರಿ ಅಂತ."

ಎಣಿಕೆ ಮುಗಿಯಿತು. ಖಾಲಿ ಬುಟ್ಟಿ ತೆಗೆದುಕೊಂಡು ಅಕ್ಕನ ಮನೆಗೆ ಬಂದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಪಕ್ಕ ಕೂತು, ಎರಡನೇ ಬುಟ್ಟಿಯ ಹಿಟ್ಟು ನಾದಿ ಕೊಟ್ಟೆ.